ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಮಳೆಗಾಲ ಮುಗಿದು ಅಡಿಕೆ ಕೊಯ್ಲಿನ ದಿನಗಳು ಹತ್ತಿರವಾಗುತ್ತಿದ್ದಂತೆ ಮಲೆನಾಡಿನ ಪೇಟೆಗಳಲ್ಲಿ ಗ್ಯಾರೇಜುಗಳ ಮುಂದೆ ಹಳೆಯ ಜೀಪು ಮತ್ತು ಪಿಕಪ್ಪುಗಳ ಸಾಲು ಉದ್ದವಾಗುತ್ತದೆ. ನಾಲ್ಕು ತಿಂಗಳು ಕೆಂಪು ಕೆಸರಿನಲ್ಲಿ ದುಡಿದ ವಾಹನ ತನ್ನ ದಣಿವನ್ನು ಒಂದಲ್ಲ ಒಂದು ರೀತಿಯಲ್ಲಿ ಹೇಳಿಕೊಳ್ಳುತ್ತದೆ. ಏರಿನಲ್ಲಿ ಕ್ಲಚ್ ಜಾರುತ್ತದೆ. ಎರಡನೆಯ ಗೇರು ತಾನಾಗಿಯೇ ಕಳಚಿ ನ್ಯೂಟ್ರಲ್ಲಿಗೆ ಬೀಳುತ್ತದೆ. ಹಿಂದಿನ ಆಕ್ಸೆಲ್‌ನಿಂದ ಗೊರಗುಟ್ಟುವ ಸದ್ದು ಬರುತ್ತದೆ. ಸೈಲೆನ್ಸರಿನಿಂದ ಕಪ್ಪು ಹೊಗೆ ಏಳುತ್ತದೆ. ಆಗ ಮಾಲೀಕನಿಗೆ ಮೂರು ಬಗೆಯ ಸಲಹೆಗಳು ಕೇಳಿಬರುತ್ತವೆ. ಸವೆದದ್ದನ್ನು ಸರಿಪಡಿಸಿಕೊಂಡು ಓಡಿಸು ಎನ್ನುವುದು ಒಂದು. ಅಲ್ಲಲ್ಲಿ ಉತ್ತಮ ಭಾಗಗಳನ್ನು ಕೂರಿಸಿ ಮೇಲ್ದರ್ಜೆಗೇರಿಸು ಎನ್ನುವುದು ಇನ್ನೊಂದು. ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಇಳಿಸಿ ಬೇರೆ ವಾಹನದ ಜೋಡಿಯನ್ನು ಏರಿಸಿಬಿಡು ಎನ್ನುವುದು ಮೂರನೆಯದು.

ಇದು ಕೇವಲ ಗ್ಯಾರೇಜಿನ ಪ್ರಶ್ನೆಯಲ್ಲ. ಬಸ್ಸು ಬಾರದ ಊರುಗಳಲ್ಲಿ ಹಸಿ ಅಡಿಕೆ, ಕಾಫಿ, ಗೊಬ್ಬರಗಳ ಜೊತೆಗೆ ಹೆರಿಗೆಯ ಹೆಂಗಸನ್ನೂ ಶಾಲೆಯ ಮಕ್ಕಳನ್ನೂ ಹೊತ್ತೊಯ್ಯುವುದು ಇದೇ ವಾಹನ. ತಪ್ಪು ನಿರ್ಧಾರದ ಬೆಲೆಯನ್ನು ಒಂದು ಮನೆ ಸಾಲದ ರೂಪದಲ್ಲಿ ತೆರುತ್ತದೆ. ಊರಿನ ಹಳ್ಳ ಎಣ್ಣೆಯ ರೂಪದಲ್ಲಿ, ಊರಿನ ಗಾಳಿ ಹೊಗೆಯ ರೂಪದಲ್ಲಿ ತೆರುತ್ತವೆ. ಆದ್ದರಿಂದ ಈ ಮೂರು ದಾರಿಗಳಿಗೆ ಒಂದು ಕ್ರಮ ಇರಬೇಕಾಗುತ್ತದೆ. ಮೊದಲು ದುರಸ್ತಿ, ಸುರಕ್ಷತೆಗೂ ಹೊಗೆ ತಗ್ಗಿಸುವುದಕ್ಕೂ ಬೇಕಾದಷ್ಟು ಮಾತ್ರ ಮೇಲ್ದರ್ಜೆ, ಬದಲಾವಣೆ ಕಟ್ಟಕಡೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿದವರೇ ಹೆಚ್ಚಾಗಿ ಕೈಸುಟ್ಟುಕೊಂಡಿದ್ದಾರೆ.

ಏರಿಗೆ ಬೇಕಿರುವುದು ಬಲವೋ, ಗೇರೋ?

ಎಂಜಿನ್ ಬದಲಿಸುವ ಆಸೆಯ ಹಿಂದೆ ಸಾಮಾನ್ಯವಾಗಿ ಒಂದೇ ನಂಬಿಕೆ ಇರುತ್ತದೆ: ಹಳೆಯ ಎಂಜಿನ್ನಿಗೆ ಬಲ ಸಾಲದು. ಈ ನಂಬಿಕೆಯನ್ನು ಒಂದು ಸಣ್ಣ ಲೆಕ್ಕದಿಂದ ಪರೀಕ್ಷಿಸಬಹುದು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಇದು ನಿಲುಕುವಂಥದ್ದು. ಹೊರೆ ಸೇರಿ ಎರಡೂವರೆ ಟನ್ ತೂಗುವ ಪಿಕಪ್ಪು, ಆರು ಮಾರಿಗೆ ಒಂದು ಮಾರು ಏರುವ ಕೆಸರುದಾರಿಯನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತುತ್ತದೆ ಎಂದಿಟ್ಟುಕೊಳ್ಳೋಣ. ಭೂಮಿಯ ಸೆಳೆತವನ್ನೂ ಕೆಸರಿನ ಎಳೆತವನ್ನೂ ಮೀರಲು ಚಕ್ರದಲ್ಲಿ ಬೇಕಾಗುವ ಶಕ್ತಿ ಸುಮಾರು 28 ಅಶ್ವಶಕ್ತಿ. ನಡುವೆ ಗೇರುಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೂ ಎಂಜಿನ್ 30ರಿಂದ 35 ಅಶ್ವಶಕ್ತಿ ಕೊಟ್ಟರೆ ಸಾಕು. ಅರುವತ್ತು ಅಶ್ವಶಕ್ತಿಯ ಹಳೆಯ ಡೀಸೆಲ್ ಎಂಜಿನ್ನಿಗೂ ಇದು ಮೀರಿದ ಕೆಲಸವೇನಲ್ಲ.

ಏರಿನಲ್ಲಿ ನಿಜವಾಗಿ ಬೇಕಿರುವುದು ಆ ಬಲವನ್ನು ನಿಧಾನಗೊಳಿಸಿ ಹಿಗ್ಗಿಸಿ ಚಕ್ರಕ್ಕೆ ಮುಟ್ಟಿಸುವ ಗೇರು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯೊಂದಿಗೆ ಭಾರತದಲ್ಲಿ ವಾಹನ ತಯಾರಿಕೆಗೆ ಕಾಲಿಟ್ಟಿತು. ಆ ಮನೆತನದ ಸಿಜೆ-3ಬಿ ಜೀಪಿನಲ್ಲಿ ಮೊದಲ ಗೇರು ಬಲವನ್ನು ಸುಮಾರು 2.8 ಪಟ್ಟು ಹೆಚ್ಚಿಸುತ್ತಿತ್ತು. ಲೋ ಗೇರು ಅದನ್ನು 2.46 ಪಟ್ಟು, ಆಕ್ಸೆಲ್‌ನ ಕ್ರೌನ್-ಪಿನಿಯನ್ ಮತ್ತೆ 5.38 ಪಟ್ಟು. ಮೂರನ್ನೂ ಗುಣಿಸಿದರೆ 37. ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗಿದರೂ ಜೀಪು ಗಂಟೆಗೆ ಏಳು ಕಿ.ಮೀ.ಯಷ್ಟು ಮಾತ್ರ ಚಲಿಸುತ್ತದೆ. ಆದರೆ ಎಂಜಿನ್ನಿನ ತಿರುಗುಬಲ ಚಕ್ರದಲ್ಲಿ 37 ಪಟ್ಟಾಗಿರುತ್ತದೆ. ಸಣ್ಣ ಎಂಜಿನ್ನಿನ ಜೀಪು ಗುಡ್ಡ ಹತ್ತುತ್ತಿದ್ದ ಗುಟ್ಟು ಇದೇ. ಕೊಡಚಾದ್ರಿಯ ಕೊರಕಲು ದಾರಿಯಲ್ಲಿ ಜೀಪುಗಳು ಏರುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ನೋಟಕ್ಕೆ ಚೆಂದವೆಂದು ಮೂಲ ಅಳತೆಗಿಂತ ಹತ್ತಕ್ಕೊಂದು ಪಾಲು ದೊಡ್ಡ ಟೈರು ಹಾಕಿಸಿದರೆ, ಏರಿನಲ್ಲಿ ಚಕ್ರ ನೆಲವನ್ನು ತಳ್ಳುವ ಬಲವೂ ಹೆಚ್ಚುಕಡಿಮೆ ಅಷ್ಟೇ ಪಾಲು ಕುಗ್ಗುತ್ತದೆ. ಚಾಲಕ ಕ್ಲಚ್ಚನ್ನು ಅರ್ಧ ಹಿಡಿದು ಏರಿಸುತ್ತಾನೆ. ಕ್ಲಚ್ ಪ್ಲೇಟು ಸುಡುತ್ತದೆ. ಎಂಜಿನ್ ಸೋತಿತೆಂಬ ತೀರ್ಮಾನ ಹೊರಬೀಳುತ್ತದೆ. ತಪ್ಪು ಟೈರಿನದು, ಶಿಕ್ಷೆ ಎಂಜಿನ್ನಿಗೆ.

ರೋಗ ತಿಳಿಯದೆ ಮದ್ದಿಲ್ಲ

ಹೀಗಾಗಿ ಮೊದಲ ಹೆಜ್ಜೆ ಪರೀಕ್ಷೆ. ಎಂಜಿನ್ನಿನಿಂದ ಚಕ್ರದವರೆಗೆ ಬಲ ಹರಿಯುವ ದಾರಿಯಲ್ಲಿ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಆಕ್ಸೆಲ್ ಎಂಬ ಐದು ಕೊಂಡಿಗಳಿವೆ. ಒಂದೊಂದರ ದೂರಿಗೂ ಒಂದೊಂದು ದನಿಯಿದೆ. ವಾಹನ ಹೊರಡುವಾಗಲೂ ಆಕ್ಸಿಲರೇಟರ್ ಬಿಟ್ಟು ಒತ್ತುವಾಗಲೂ ಟಕ್ ಎಂಬ ಸದ್ದು ಬಂದರೆ ಶಾಫ್ಟಿನ ಕ್ರಾಸ್ ಬೇರಿಂಗ್ ಸವೆದಿರಬಹುದು. ವೇಗದೊಂದಿಗೆ ಏರುತ್ತಾ, ಎಳೆಯುವಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆಯ ಗುಂಯ್ ಸದ್ದು ಕೇಳಿದರೆ ಡಿಫರೆನ್ಷಿಯಲ್ಲಿನತ್ತ ನೋಡಬೇಕು. ಎಂಜಿನ್ ಸುತ್ತು ಏರಿದರೂ ವಾಹನ ಮುಂದೆ ಸಾಗದಿದ್ದರೆ ಅದು ಕ್ಲಚ್ಚಿನ ಜಾರಿಕೆ. ಒಂದೇ ಗೇರು ಮತ್ತೆ ಮತ್ತೆ ಕಳಚಿಕೊಂಡರೆ ಆ ಗೇರಿನ ಹಲ್ಲು, ಅದರ ಫೋರ್ಕು, ಇಲ್ಲವೇ ಬೇರಿಂಗಿನ ಸವೆತ ಕಾರಣವಾಗಿರಬಹುದು. ಇವುಗಳಲ್ಲಿ ಯಾವುದಕ್ಕೂ ಇಡೀ ಜೋಡಿಯನ್ನು ಕಿತ್ತು ಬದಲಿಸಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಹೊಗೆಗೂ ಬಣ್ಣದ ಭಾಷೆಯಿದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಕಟ್ಟಿಹೋದ ಏರ್ ಫಿಲ್ಟರ್, ಸೋರುವ ನಾಝಲ್, ಲೆಕ್ಕ ತಪ್ಪಿದ ಫ್ಯುಯೆಲ್ ಪಂಪು ಇದಕ್ಕೆ ಕಾರಣ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗುಗಳೋ ವಾಲ್ವ್ ಸೀಲುಗಳೋ ಸವೆದಿವೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಜೊತೆಗೆ ರೇಡಿಯೇಟರಿನಲ್ಲಿ ಇಳಿಯುವ ನೀರು, ಹೆಡ್ ಗ್ಯಾಸ್ಕೆಟ್ ಕಡೆಗೆ ಕೈತೋರಿಸುತ್ತವೆ. ಕಂಪ್ರೆಷನ್ ಅಳೆಯದೆ, ನಾಝಲ್ ಪರೀಕ್ಷಿಸದೆ ಎಂಜಿನ್ ಮುಗಿಯಿತು ಎನ್ನುವ ತೀರ್ಪನ್ನು ಒಪ್ಪಿಕೊಳ್ಳಬಾರದು.

ಪರೀಕ್ಷೆಯ ಪಟ್ಟಿಯಲ್ಲಿ ಎಲ್ಲಕ್ಕೂ ಮೊದಲು ಬರಬೇಕಾದದ್ದು ಚಾಸಿಸ್. ಮನೆಗೆ ಅಡಿಪಾಯ ಹೇಗೋ ಪಿಕಪ್ಪಿಗೆ ಚಾಸಿಸ್ ಹಾಗೆ. ಕೆಸರು ಮೆತ್ತಿಕೊಂಡು ವರ್ಷಗಟ್ಟಲೆ ತೇವದಲ್ಲಿದ್ದ ಚಾಸಿಸ್ ಒಳಗಿನಿಂದ ತುಕ್ಕು ಹಿಡಿದು, ಸ್ಪ್ರಿಂಗು ಕೂರುವ ಕಡೆಯಲ್ಲಿ ಬಿರುಕುಬಿಟ್ಟಿದ್ದರೆ, ಅದರ ಮೇಲೆ ಹೊಸ ಎಂಜಿನ್ ಕೂರಿಸುವುದು ಗೆದ್ದಲು ತಿಂದ ಕಂಬಕ್ಕೆ ಹೊಸ ಹೆಂಚು ಹೊದಿಸಿದಂತೆ. ಅಂಥ ವಾಹನದ ದಾರಿ ದುರಸ್ತಿಯೂ ಅಲ್ಲ, ಬದಲಾವಣೆಯೂ ಅಲ್ಲ, ವಿದಾಯ.

ದುರಸ್ತಿಯ ಪರವಾಗಿ

ದುರಸ್ತಿ ಎಂದರೆ ಬಡತನದ ಗುರುತು ಎಂಬ ಭಾವನೆ ಈಚಿನ ವರ್ಷಗಳಲ್ಲಿ ಬೆಳೆದಿದೆ. ವಾಸ್ತವದಲ್ಲಿ ಅದು ಒಂದು ವಿದ್ಯೆ. ಕ್ರಾಸ್ ಬೇರಿಂಗ್ ಬದಲಿಸುವ, ಕ್ರೌನ್-ಪಿನಿಯನ್ನಿನ ಹಲ್ಲುಗಳ ನಡುವಿನ ಸಂದು ಹೊಂದಿಸುವ, ನಾಝಲ್ಲಿನ ಸಿಂಪರಣೆ ನೋಡಿ ದೋಷ ಹೇಳುವ ಕೈಗಳು ಊರಿನ ಸುತ್ತಮುತ್ತಲೇ ಇವೆ. ದುರಸ್ತಿಗೆ ಕೊಟ್ಟ ಹಣದಲ್ಲಿ ದೊಡ್ಡ ಪಾಲು ಆ ಕೈಗಳಿಗೆ ಸೇರುತ್ತದೆ, ಪೇಟೆಯಲ್ಲೇ ಉಳಿಯುತ್ತದೆ. ಒಂದು ಭಾಗ ಸವೆದಿದ್ದಕ್ಕೆ ಇಡೀ ಗೇರ್‌ಬಾಕ್ಸನ್ನು ಗುಜರಿಗೆ ಹಾಕುವ ರೂಢಿ ಬೆಳೆದರೆ ಆ ವಿದ್ಯೆಯೂ ಗುಜರಿ ಸೇರುತ್ತದೆ.

ಆದರೆ ದುರಸ್ತಿಗೂ ಪರಿಸರದ ಶಿಸ್ತು ಬೇಕು. ಗ್ಯಾರೇಜಿನ ಹಿಂದಿನ ಇಳಿಜಾರಿಗೆ ಸುರಿದ ಹಳೆಯ ಆಯಿಲ್ ಮೊದಲ ಮಳೆಗೇ ಹಳ್ಳ ಸೇರುತ್ತದೆ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೆಂದು 2016ರ ಕೇಂದ್ರ ನಿಯಮಗಳೇ ಹೇಳುತ್ತವೆ; ಅದನ್ನು ಡ್ರಮ್ಮಿನಲ್ಲಿ ಶೇಖರಿಸಿ ಅಧಿಕೃತ ಮರುಬಳಕೆದಾರರಿಗೆ ಕೊಡಬೇಕು. ಬೇಲಿಗೂಟಕ್ಕೆ ಬಳಿಯುವುದು, ಒಲೆಗೆ ಸುರಿಯುವುದು, ಗರಗಸಕ್ಕೆ ಹಾಕುವುದು ಉಳಿತಾಯದಂತೆ ಕಂಡರೂ ಅದರಲ್ಲಿರುವ ಸೀಸ ಮುಂತಾದ ಲೋಹಗಳು ಮಣ್ಣಿಗೂ ಉಸಿರಿಗೂ ಸೇರುತ್ತವೆ. ಹಳೆಯ ಕ್ಲಚ್ ಮತ್ತು ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಆ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರ ಶ್ವಾಸಕೋಶಗಳಿಗೂ ಪರಿಸರ ಚಳವಳಿಗೂ ಸಂಬಂಧವಿದೆ.

ಎತ್ತು ಏರಿಗೆ, ಕೋಣ ನೀರಿಗೆ

ಮೇಲ್ದರ್ಜೆಯಲ್ಲಿ ಒಳ್ಳೆಯದೂ ಇದೆ, ಹುಸಿಯೂ ಇದೆ. ಅದೇ ಮಾದರಿಗೆ ತಯಾರಕರೇ ಮುಂದೆ ಒದಗಿಸಿದ ಸುಧಾರಿತ ಬ್ರೇಕ್ ಭಾಗಗಳು, ಗುಣಮಟ್ಟದ ಸೀಲುಗಳು, ಹೊಸ ನಾಝಲ್ಲುಗಳು, ಗಟ್ಟಿಯಾದ ರೇಡಿಯೇಟರ್, ಸೀಟ್ ಬೆಲ್ಟು ಇವು ಒಳ್ಳೆಯ ಮೇಲ್ದರ್ಜೆಗಳು. ಇವು ವಾಹನದ ಮೂಲ ಸ್ವಭಾವವನ್ನು ಕೆಡಿಸುವುದಿಲ್ಲ. ಹೊಗೆಯನ್ನೂ ಸೋರಿಕೆಯನ್ನೂ ಅಪಘಾತವನ್ನೂ ತಗ್ಗಿಸುತ್ತವೆ.

ಬಲ ಹೆಚ್ಚಿಸುವ ಮೇಲ್ದರ್ಜೆಯ ಕತೆ ಬೇರೆ. ಸರಪಳಿಯಲ್ಲಿ ಒಂದು ಕೊಂಡಿಯನ್ನು ಬಲಪಡಿಸಿದರೆ ದೌರ್ಬಲ್ಯ ಮುಂದಿನ ಕೊಂಡಿಗೆ ಸರಿಯುತ್ತದೆ. ಎಂಜಿನ್ನಿಗೆ ಟರ್ಬೊ ಕೂರಿಸಿದರೆ ಕ್ಲಚ್ ಜಾರುತ್ತದೆ. ಕ್ಲಚ್ ಗಟ್ಟಿ ಮಾಡಿದರೆ ಗೇರಿನ ಹಲ್ಲು ಮುರಿಯುತ್ತದೆ. ಗೇರ್‌ಬಾಕ್ಸ್ ಬದಲಿಸಿದರೆ ಆಕ್ಸೆಲ್ ತುಂಡಾಗುತ್ತದೆ. ಎಲ್ಲವನ್ನೂ ಬದಲಿಸಿದ ಮೇಲೆ ಉಳಿಯುವುದು ಬ್ರೇಕು; ಅದು ಕೈಕೊಡುವುದು ಘಾಟಿಯ ಇಳಿಜಾರಿನಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹೊಂದಾಣಿಕೆಯಿಲ್ಲದ ಎಂಜಿನ್ ಮತ್ತು ಗೇರ್‌ಬಾಕ್ಸುಗಳಿಗೂ ಸಲ್ಲುತ್ತದೆ.

ಈ ಪಾಠ ಹೊಸದೇನಲ್ಲ. ಪೆಟ್ರೋಲ್ ಜೀಪುಗಳ ಹೊಟ್ಟೆಬಾಕತನ ತಾಳಲಾರದೆ ದೇಶದ ಅನೇಕ ಕಡೆ ಮಾಲೀಕರು ಅವುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಇಂಧನದ ಖರ್ಚು ಇಳಿಯಿತು, ನಿಜ. ಆದರೆ ಡೀಸೆಲ್ ಎಂಜಿನ್ನಿನ ತೂಕ ಹೆಚ್ಚು, ನಡುಕ ಹೆಚ್ಚು, ಸುತ್ತು ಕಡಿಮೆ. ಪೆಟ್ರೋಲ್ ಎಂಜಿನ್ನಿಗೆಂದು ರೂಪಿಸಿದ ಗೇರುಗಳಲ್ಲಿ ಅದು ಸಮತಟ್ಟಿನಲ್ಲಿ ಓಡಲಾರದಾಯಿತು. ಮುಂದಿನ ಸ್ಪ್ರಿಂಗುಗಳು ಕುಸಿದವು. ಎಂಜಿನ್ ಮೌಂಟುಗಳು ಹರಿದವು. ತಯಾರಕರೇ 1980ರ ದಶಕದಲ್ಲಿ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ನುಗಳಿರುವ ಜೀಪುಗಳನ್ನು ಹೊರತಂದಾಗ ಸಿಕ್ಕಿದ ಹೊಂದಾಣಿಕೆ ಬೀದಿಬದಿಯ ಜೋಡಣೆಯಲ್ಲಿ ಸಿಗುವಂಥದ್ದಲ್ಲ.

ಕಾನೂನಿನ ಕಡಿವಾಣ

ಬದಲಾವಣೆಯ ದಾರಿಗೆ ಕಾನೂನಿನ ಗೇಟೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ಸವೆದ ಎಂಜಿನ್ನಿನ ಬದಲಿಗೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಕೂರಿಸುವ ವಿಚಾರ ಬೇರೆ. ಆಗಲೂ ಕೊಂಡದ್ದರ ದಾಖಲೆ ಇಟ್ಟು, ಸಾರಿಗೆ ಕಚೇರಿಗೆ ತಿಳಿಸಿ, ನೋಂದಣಿ ಪುಸ್ತಕದಲ್ಲಿ ಹೊಸ ಎಂಜಿನ್ ಸಂಖ್ಯೆಯನ್ನು ನಮೂದಿಸಿಕೊಳ್ಳಬೇಕು. ಸರಕು ವಾಹನಕ್ಕೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಅರ್ಹತಾ ಪತ್ರ ಬೇಕು. ಪುಸ್ತಕದಲ್ಲೊಂದು ಎಂಜಿನ್, ಬಾನೆಟ್ಟಿನಡಿ ಇನ್ನೊಂದು ಇದ್ದರೆ ಅಪಘಾತದ ದಿನ ವಿಮೆಯೂ ತಕರಾರಿಗೆ ಸಿಕ್ಕಬಹುದು. ಅಂದು ಹಿಂದೆ ಕೂತಿದ್ದ ಕೂಲಿಯಾಳಿನ ಮನೆಗೆ ಪರಿಹಾರ ಯಾರು ಕೊಡಬೇಕು? ಅಗ್ಗದ ಬದಲಾವಣೆಯ ಲೆಕ್ಕದಲ್ಲಿ ಈ ಸಾಲು ಬರೆದಿರುವುದಿಲ್ಲ.

ವಿದ್ಯುತ್ತಿನ ಆಸೆ

ಡೀಸೆಲ್ ಎಂಜಿನ್ ತೆಗೆದು ವಿದ್ಯುತ್ ಮೋಟಾರು, ಬ್ಯಾಟರಿ ಕೂರಿಸುವ ಮಾತನ್ನು ವಿದ್ಯಾರ್ಥಿಗಳು ಉತ್ಸಾಹದಿಂದ ಆಡುತ್ತಾರೆ. ಈ ಉತ್ಸಾಹಕ್ಕೆ ಆಧಾರವಿದೆ. ಕೇಂದ್ರ ಸರ್ಕಾರ 2016ರಲ್ಲೇ ಇದಕ್ಕೆ ನಿಯಮ ರೂಪಿಸಿದೆ. ಪರೀಕ್ಷಾ ಸಂಸ್ಥೆಯ ಅನುಮೋದನೆ ಪಡೆದ ಕಿಟ್ಟನ್ನು ಅಧಿಕೃತರಿಂದ ಕೂರಿಸಿದರೆ ಅದು ಕಾನೂನುಬದ್ಧ. ಬೆಟ್ಟದ ಊರಿಗೆ ಒಂದು ಅನುಕೂಲವೂ ಇದೆ. ಇಲ್ಲಿ ಫಸಲು ಮೇಲಿನಿಂದ ಕೆಳಗಿನ ಪೇಟೆಗೆ ಹೋಗುತ್ತದೆ. ಹೊರೆ ಇಳಿಯುತ್ತದೆ, ಖಾಲಿ ವಾಹನ ಏರುತ್ತದೆ. ಇಳಿಯುವಾಗ ಬ್ರೇಕಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿಯ ಒಂದು ಪಾಲನ್ನು ವಿದ್ಯುತ್ ಮೋಟಾರು ಬ್ಯಾಟರಿಗೆ ಮರಳಿಸಬಲ್ಲದು.

ಆದರೂ ಇದು ಪಾಪವಿಲ್ಲದ ಪುಣ್ಯವಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಲೀಟರಿಗೆ ಹತ್ತು ಕಿ.ಮೀ. ಓಡುವ ಪಿಕಪ್ಪಿನದು ಕಿಲೋಮೀಟರಿಗೆ 270 ಗ್ರಾಂ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿನ ಹಿಂದೆ ಸುಮಾರು 700 ಗ್ರಾಂ ಇದೆ. ಕಿಲೋಮೀಟರಿಗೆ ಕಾಲು ಯೂನಿಟ್ ಖರ್ಚಾದರೂ 175 ಗ್ರಾಂ. ಲಾಭ ಇದೆ, ಆದರೆ ಸೊನ್ನೆಗೆ ಇಳಿಯುವುದಿಲ್ಲ. ವಿದ್ಯುತ್ತಿನ ಬೆಲೆಯನ್ನು ಮಲೆನಾಡಿಗೆ ಯಾರೂ ಕಲಿಸಬೇಕಿಲ್ಲ; 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಶರಾವತಿ ಕಣಿವೆಯ ಊರುಗಳೇ ಇವೆ. ಮಾಡಿನ ಮೇಲಿನ ಸೌರಫಲಕದಿಂದ ಬ್ಯಾಟರಿ ತುಂಬಿಸಬಲ್ಲ, ದಿನಕ್ಕೆ ನಿಗದಿತ ದೂರ ಓಡುವ, ಚಾಸಿಸ್ ಗಟ್ಟಿಯಿರುವ, ತನ್ನ ಮಾದರಿಗೆ ಅನುಮೋದಿತ ಕಿಟ್ ಇರುವ ವಾಹನಕ್ಕೆ ಈ ದಾರಿ ತೆರೆದಿದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕಾಯುವುದು ಲೇಸು.

ಹಳೆಯದು ಹೊಗೆ ಉಗುಳುವುದಿಲ್ಲವೇ?

ದುರಸ್ತಿಯ ವಾದಕ್ಕೆ ಎದುರಾಗುವ ಪ್ರಬಲ ಆಕ್ಷೇಪ ಇದು, ಇದನ್ನು ತಳ್ಳಿಹಾಕುವಂತಿಲ್ಲ. ಡೀಸೆಲ್ ಕಾರುಗಳು ಉಗುಳಬಹುದಾದ ಮಸಿಕಣಗಳ ಮಿತಿ ಭಾರತ್ ಸ್ಟೇಜ್ 4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇತ್ತು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಸ್ಟೇಜ್ 6ರಲ್ಲಿ 4.5ಕ್ಕೆ ಇಳಿಯಿತು. ಇವೆರಡಕ್ಕೂ ಹಿಂದಿನ ಕಾಲದ ಪಿಕಪ್ಪು ಎಷ್ಟೇ ಚೆನ್ನಾಗಿ ದುರಸ್ತಿಯಾದರೂ ಈ ಮಟ್ಟ ಮುಟ್ಟಲಾರದು.

ಆದರೆ ಹೊಸ ವಾಹನವೂ ಆಕಾಶದಿಂದ ಉದುರುವುದಿಲ್ಲ. ವರ್ಷಕ್ಕೆ ಆರು ಸಾವಿರ ಕಿ.ಮೀ. ಓಡುವ ಹಳೆಯ ಪಿಕಪ್ಪು 600 ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರಿಗೆ 13 ಕಿ.ಮೀ. ಕೊಡುವ ಹೊಸದು 460 ಲೀಟರ್ ಕುಡಿಯುತ್ತದೆ. ಉಳಿಯುವ ಇಂಗಾಲ ವರ್ಷಕ್ಕೆ 370 ಕಿಲೋ. ಹೊಸ ವಾಹನವನ್ನು ಅದಿರಿನಿಂದ ಶೋರೂಮಿನವರೆಗೆ ತರುವಲ್ಲಿ ಐದು ಟನ್ ಇಂಗಾಲ ಹೊಮ್ಮುತ್ತದೆಂದು ಹಿಡಿದರೆ, ಆ ಸಾಲ ತೀರಲು ಹದಿಮೂರು ವರ್ಷಕ್ಕೂ ಹೆಚ್ಚು ಬೇಕು. ಅದಿರಿನ ಬೆಲೆ ಏನೆಂಬುದು ಭದ್ರಾ ಕಣಿವೆಗೆ ಗೊತ್ತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ನಂತರ ಕುದುರೆಮುಖದ ಗಣಿ ನಿಂತದ್ದು 2005ರ ಕೊನೆಯಲ್ಲಿ. ಇದಲ್ಲದೆ ಹೊಸ ಡೀಸೆಲ್ ವಾಹನಗಳ ಮಸಿಶೋಧಕ ತನ್ನನ್ನು ತಾನು ಸುಟ್ಟು ಶುಚಿಗೊಳಿಸಿಕೊಳ್ಳಲು ನಿರಂತರ ವೇಗದ ಓಟ ಕೇಳುತ್ತದೆ. ತೋಟದಿಂದ ಪೇಟೆಗೆ ಕುಂಟುವ ಸಣ್ಣ ಓಟಗಳಲ್ಲಿ ಅದು ಕಟ್ಟಿಕೊಳ್ಳುವುದುಂಟು.

ಅದೇ ಲೆಕ್ಕವನ್ನು ವರ್ಷಕ್ಕೆ ಮೂವತ್ತು ಸಾವಿರ ಕಿ.ಮೀ. ಓಡುವ ಬಾಡಿಗೆ ಪಿಕಪ್ಪಿಗೆ ಮಾಡಿದರೆ ಉತ್ತರ ತಿರುಗುತ್ತದೆ. ಮೂರು ವರ್ಷದೊಳಗೆ ಸಾಲ ತೀರುತ್ತದೆ. ಪೇಟೆಯ ಜನರ ನಡುವೆ ದಿನವಿಡೀ ಹೊಗೆಯಾಡುವ ಅಂಥ ವಾಹನವನ್ನು ಹಳೆಯದೆಂಬ ಮಮತೆಯಿಂದ ಉಳಿಸಿಕೊಳ್ಳುವುದಕ್ಕೆ ಸಮರ್ಥನೆ ಇಲ್ಲ. ಅದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದ ಪ್ರಮಾಣಪತ್ರದ ಮೇಲೆ ಹೊಸ ವಾಹನದ ತೆರಿಗೆಯಲ್ಲಿ ರಿಯಾಯಿತಿ ಕೊಡಲು 2021ರ ಕೇಂದ್ರ ನಿಯಮಗಳು ಅವಕಾಶ ಮಾಡಿವೆ. ಹೀಗೆ ದುರಸ್ತಿಯೋ ವಿದಾಯವೋ ಎಂಬುದನ್ನು ತೀರ್ಮಾನಿಸುವುದು ವಾಹನದ ವಯಸ್ಸಿಗಿಂತ ಹೆಚ್ಚಾಗಿ ಅದರ ವರ್ಷದ ಓಟ.

ಊರು ಮಾಡಬಹುದಾದ ಕೆಲಸ

ಈ ಲೆಕ್ಕಗಳಿಗೆಲ್ಲ ಬೇಕಿರುವುದು ಒಂದು ನೋಟ್ ಬುಕ್ಕು. ಓಡಿದ ದೂರ, ಕುಡಿದ ಡೀಸೆಲ್, ಹಾಕಿದ ಆಯಿಲ್, ಮಾಡಿಸಿದ ದುರಸ್ತಿ ಇವನ್ನು ವರ್ಷವಿಡೀ ಬರೆದಿಟ್ಟ ಮಾಲೀಕನನ್ನು ಯಾವ ಮಾರಾಟಗಾರನೂ ಸುಲಭವಾಗಿ ಮರುಳುಮಾಡಲಾರ. ಶಾಲಾ ಕಾಲೇಜುಗಳ ಪರಿಸರ ಸಂಘಗಳು ಊರಿನ ಹತ್ತು ವಾಹನಗಳ ಇಂಥ ಲೆಕ್ಕವನ್ನು ಒಂದು ವರ್ಷ ಹಿಡಿದರೆ ಅದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಇನ್ನೊಂದಿಲ್ಲ. ಸಹಕಾರ ಸಂಘಗಳು ಬಳಸಿದ ಆಯಿಲ್‌ಗೆ ಒಂದು ಡ್ರಮ್ಮು ಇಟ್ಟು ಅಧಿಕೃತವಾಗಿ ಸಾಗಿಸುವ ಹೊಣೆ ಹೊರಬಹುದು. ಅರ್ಧ ಹೊರೆಯ ಎರಡು ಪಿಕಪ್ಪುಗಳು ಬೆನ್ನಿಗೆ ಬೆನ್ನು ಪೇಟೆಗಿಳಿಯುವ ಬದಲು ನೆರೆಹೊರೆಯ ಮೂರು ಮನೆಗಳು ಒಂದೇ ವಾಹನದಲ್ಲಿ ಸರದಿಯಂತೆ ಸಾಗಿಸಿದರೆ ಉಳಿಯುವ ಡೀಸೆಲ್ ಯಾವ ಹೊಸ ಎಂಜಿನ್ನೂ ಉಳಿಸಿಕೊಡಲಾರದಷ್ಟು.

ಒಂದು ಅಭ್ಯಾಸಕ್ಕೆ ಮಾತ್ರ ಖರ್ಚೇ ಇಲ್ಲ. ಡೀಸೆಲ್ ಉಳಿಸಲೆಂದು ಘಾಟಿಯಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್ಲಿನಲ್ಲಿ ಇಳಿಯುವುದನ್ನು ನಿಲ್ಲಿಸಬೇಕು. ಎಂಜಿನ್ ನಿಂತರೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ನಿಲ್ಲುತ್ತದೆ. ಗೇರಿನ ಹಿಡಿತವೂ ಇಲ್ಲದೆ ಇಡೀ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಪ್ರಾಣವನ್ನೂ ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ಉಳಿಸುತ್ತದೆ.

ಮೂಗಿಗಿಂತ ಮೂಗುತಿ ಭಾರವಾಗಬಾರದು. ಚಾಸಿಸ್ ನೋಡಿ, ಓಟ ಎಣಿಸಿ, ಸದ್ದು ಆಲಿಸಿ, ಹೊಗೆಯ ಬಣ್ಣ ಗುರುತಿಸಿ, ಆ ಬಳಿಕ ಹಣದ ಚೀಲ ಬಿಚ್ಚುವ ಮಾಲೀಕನ ಪಿಕಪ್ಪು ಬರುವ ಕೊಯ್ಲಿಗೂ ಏರು ಹತ್ತುತ್ತದೆ. ಅವನ ಮನೆಯ ಕೆಳಗಿನ ಹಳ್ಳದ ನೀರೂ ಕುಡಿಯುವಂತಿರುತ್ತದೆ.